'ಯೂರಿನ್ ಪ್ರಾಬ್ಲಮ್' ಅಂತ ಬರೆಸಿದ್ದೆ

ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ವಿಷಯ ಇದು. ಇಲ್ಲಿ ಹಾಕುವ ಮೊದಲು ಹೆಂಡತಿಗೆ ಓದಿ ಹೇಳಿದೆ. "ಹಾಕ್ರೀ, ಯಾರಿಗಾದ್ರೂ ಉಪಯೋಗ ಆಗುತ್ತೆ" ಅಂದಳು. ನನ್ನ ಹಳೆಯ ವಿದ್ಯಾರ್ಥಿಗಳು ತುಂಬಾ ಜನ ಇಲ್ಲಿದ್ದಾರೆ. ಮೇಷ್ಟ್ರು ಇದನ್ನೆಲ್ಲ ಯಾಕೆ ಬರೀತಾರೆ ಅನ್ನಿಸಬಹುದು. ಆದರೆ ಅವರಲ್ಲಿ ಎಷ್ಟೋ ಜನಕ್ಕೆ ನಲವತ್ತು ದಾಟಿದೆ, ಕೆಲವರಿಗೆ ಆಗಲೇ ಶುಗರ್ ಇದೆ. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ನನಗೆ ಆಗ 53. ಸ್ನಾನ ಮಾಡುವಾಗ ಶಿಶ್ನದ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ, ಕಡಲೆಕಾಳಿನಷ್ಟು ಗಟ್ಟಿಯಾದ ಗಂಟು ಕೈಗೆ ಸಿಕ್ಕಿತು. ನಿಮಿರಿದಾಗ ಅಲ್ಲೇ ನೋವು. ಒಂದೆರಡು ತಿಂಗಳಲ್ಲಿ ಮೇಲಕ್ಕೆ ಬಾಗಲು ಶುರುವಾಯಿತು. ಮೊದಲು ಬಂದ ಯೋಚನೆ ಕ್ಯಾನ್ಸರ್. ಆಮೇಲೆ ಬಂದದ್ದು ಅದಕ್ಕಿಂತ ಕೆಟ್ಟ ಯೋಚನೆ. ಹುಡುಗನಾಗಿದ್ದಾಗಿನ ಅಭ್ಯಾಸಕ್ಕೆ ಈಗ ಶಿಕ್ಷೆ ಆಗ್ತಿದೆ ಅಂತ. ಬಿಎಸ್ಸಿ, ಬಿಎಡ್ ಮಾಡಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದರೂ ರಾತ್ರಿ ಒಂಟಿಯಾಗಿ ಎಚ್ಚರವಾಗಿದ್ದಾಗ ಆ ಭಯವೇ ಗೆಲ್ಲುತ್ತಿತ್ತು.

ಹಾಲ್‌ನಲ್ಲಿ ಮಲಗಲು ಶುರು ಮಾಡಿದೆ. ಸೆಖೆ ಅಂತ ಹೇಳಿದೆ. ಸೆಖೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ನನ್ನ ಹಾಸಿಗೆ ಹಾಲ್‌ನಲ್ಲೇ ಇತ್ತು. ಅವಳು ಏನೂ ಕೇಳಲಿಲ್ಲ. ತನ್ನಿಂದ ಏನೋ ತಪ್ಪಾಗಿದೆ, ತಾನು ಇವರಿಗೆ ಬೇಡವಾಗಿದ್ದೇನೆ ಅಂತ ಅವಳು ಅಂದುಕೊಂಡಿದ್ದಳು ಅನ್ನುವುದು ನನಗೆ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಈ ಕಾಯಿಲೆಯಲ್ಲಿ ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುವುದು ಅದೇ.

ಆ ವರ್ಷ ನಾನು ಹೋಗಿದ್ದು ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ. ಮೂರು ತಿಂಗಳ ಕೋರ್ಸ್, 18 ಸಾವಿರ ರೂಪಾಯಿ. ಅಲ್ಲಿ ಕೂತಿದ್ದವನು ನನ್ನನ್ನು ಪರೀಕ್ಷೆ ಮಾಡಲೇ ಇಲ್ಲ. "ಧಾತು ವೀಕ್ ಆಗಿದೆ" ಅಂದ. ಲೇಹ್ಯ ಕೊಟ್ಟ, ಒಂದು ಎಣ್ಣೆ ಕೊಟ್ಟ. ಎಣ್ಣೆ ಹಚ್ಚಿ, ಬಾಗಿದ ಕಡೆಗೆ ವಿರುದ್ಧವಾಗಿ ಜೋರಾಗಿ ಒತ್ತಿ ನೇರ ಮಾಡಿ ಅಂದ. ನಾನು ಮಾಡಿದೆ. ದಯವಿಟ್ಟು ನೀವು ಮಾಡಬೇಡಿ. ಒಳಗೆ ಇರುವುದು ಗಾಯ. ಗಾಯವನ್ನು ಮತ್ತೆ ಮತ್ತೆ ಬಗ್ಗಿಸಿದರೆ ಇನ್ನಷ್ಟು ಗಾಯವೇ ಆಗುವುದು.

ಕೊನೆಗೆ ಯುರಾಲಜಿ ಓಪಿಡಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ "ಏನು ತೊಂದರೆ ಸಾರ್?" ಅಂದಳು. ಹಿಂದೆ ಹತ್ತು ಜನ ನಿಂತಿದ್ದರು. "ಯೂರಿನ್ ಪ್ರಾಬ್ಲಮ್" ಅಂದೆ. ಹಾಗೇ ಬರೆದುಕೊಂಡಳು. ಡಾಕ್ಟರ ಮುಂದೆಯೂ ಅದನ್ನೇ ಹೇಳಿದೆ. ಯೂರಿನ್ ಟೆಸ್ಟ್ ಆಯಿತು, ಪ್ರಾಸ್ಟೇಟ್ ಸ್ಕ್ಯಾನ್ ಆಯಿತು, ಎಲ್ಲ ನಾರ್ಮಲ್. ರಿಪೋರ್ಟ್ ತೆಗೆದುಕೊಂಡು ಎದ್ದು ಹೊರಟವನು ಬಾಗಿಲ ಹತ್ತಿರ ನಿಂತು, "ಸಾರ್, ಇನ್ನೊಂದಿದೆ" ಅಂದೆ. ಇಷ್ಟು ವರ್ಷ ಕನ್ನಡದಲ್ಲೇ ಬದುಕಿದ್ದೇನೆ. ಆದರೂ ಆ ಜಾಗದ ಹೆಸರು ಹೇಳಿ ನನಗೆ ಅಭ್ಯಾಸವೇ ಇರಲಿಲ್ಲ. "ಅಲ್ಲಿ", "ಕೆಳಗಡೆ" ಅನ್ನುತ್ತಿದ್ದೆ. ಡಾಕ್ಟರು ಸುಮ್ನೆ, ಮೊಣಕಾಲು ಅಂದಷ್ಟೇ ಸಲೀಸಾಗಿ, "ಶಿಶ್ನ ಬಾಗಿದೆಯಾ? ಯಾವ ಕಡೆಗೆ?" ಅಂತ ಕೇಳಿದರು.

ಪರೀಕ್ಷೆ ಮಾಡಿದ ಮೇಲೆ ಅವರು ಹೇಳಿದ್ದು ಆಶ್ಚರ್ಯವಾಯಿತು. "ಕೈ ತೋರಿಸಿ." ನನ್ನ ಬಲಗೈ ಅಂಗೈಯಲ್ಲಿ, ಉಂಗುರದ ಬೆರಳಿನ ಬುಡದಲ್ಲಿ, ಒಂದು ಹುರಿ ಬಿಗಿದ ಹಾಗೆ ಇದೆ. ಚಾಕ್‌ಪೀಸ್ ಹಿಡಿದು ಹಿಡಿದು ಹಾಗಾಗಿದೆ ಅಂದುಕೊಂಡಿದ್ದೆ. ಅದಕ್ಕೆ ಡ್ಯುಪುಯ್ಟ್ರನ್ ಅಂತ ಹೆಸರು. ಅದೂ ಗಾಯದ ಕಲೆಯಂಥ ಅಂಗಾಂಶ ಬೆಳೆದು ಬಿಗಿಯುವ ತೊಂದರೆಯೇ. ಮನೆತನದಲ್ಲಿ ಬರುತ್ತದೆ. ಅದು ಇದ್ದವರಲ್ಲಿ ಶಿಶ್ನದ ತೊಂದರೆಯೂ ಜಾಸ್ತಿ. ಶುಗರ್ ಇದ್ದವರಲ್ಲೂ ಜಾಸ್ತಿ. ನನಗೆ ಎರಡೂ ಇತ್ತು.

ಇದಕ್ಕೆ ಪೆರೋನೀಸ್ ಕಾಯಿಲೆ ಅನ್ನುತ್ತಾರೆ. ಫ್ರಾನ್ಸಿನ ದೊರೆ 15ನೇ ಲೂಯಿಯ ಸರ್ಜನ್ ಆಗಿದ್ದ ಪೆರೋನಿ 1743ರಲ್ಲಿ ಇದರ ಬಗ್ಗೆ ಬರೆದಿದ್ದ, ಅದಕ್ಕೇ ಆ ಹೆಸರು. ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳಿವೆ. ಅವುಗಳ ಸುತ್ತ ಗಟ್ಟಿಯಾದ, ಆದರೆ ಹಿಗ್ಗುವ ಒಂದು ಪದರ ಇದೆ. ಸಂಭೋಗದಲ್ಲಿ ಬಗ್ಗಿದಾಗ ಆ ಪದರಕ್ಕೆ ಸಣ್ಣ ಪೆಟ್ಟು ಬೀಳುತ್ತದೆ. ಯಾವಾಗ ಬಿತ್ತು ಅಂತ ಹೆಚ್ಚಿನವರಿಗೆ ನೆನಪೂ ಇರುವುದಿಲ್ಲ. ಬಹಳ ಜನರಲ್ಲಿ ಅದು ಸದ್ದಿಲ್ಲದೆ ಮಾಯುತ್ತದೆ. ಕೆಲವರಲ್ಲಿ ಮಾಯುವ ಕೆಲಸ ನಿಲ್ಲುವುದೇ ಇಲ್ಲ, ಕಲೆ ದಪ್ಪವಾಗುತ್ತಾ ಹೋಗುತ್ತದೆ. ಸೈಕಲ್ ಟ್ಯೂಬಿಗೆ ದಪ್ಪ ತೇಪೆ ಹಾಕಿ, ಟೈರಿನಿಂದ ಹೊರಗೆ ಗಾಳಿ ತುಂಬಿ ನೋಡಿ. ತೇಪೆ ಇರುವ ಕಡೆ ಹಿಗ್ಗುವುದಿಲ್ಲ, ಟ್ಯೂಬು ಆ ಕಡೆಗೇ ಬಾಗುತ್ತದೆ. ನನಗೆ ಆಗಿದ್ದು ಅಷ್ಟೇ. ಕ್ಯಾನ್ಸರ್ ಅಲ್ಲ. ಅಂಟುರೋಗ ಅಲ್ಲ. ಯಾವ ಪಾಪದ ಫಲವೂ ಅಲ್ಲ. ಚಿಕ್ಕಂದಿನಿಂದಲೇ ಸ್ವಲ್ಪ ಬಾಗಿರುವವರದ್ದು ಬೇರೆ ವಿಷಯ, ಅವರಿಗೆ ಗಂಟೂ ಇರುವುದಿಲ್ಲ, ನೋವೂ ಇರುವುದಿಲ್ಲ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂಭೋಗದ ನಡುವೆ 'ಟಪ್' ಅಂತ ಸದ್ದಾಗಿ, ತಕ್ಷಣ ನಿಮಿರು ಇಳಿದು, ಊದಿಕೊಂಡು ಕಪ್ಪಾದರೆ ಅದು ಬೇರೆ. ಅದು ಎಮರ್ಜೆನ್ಸಿ. ಬೆಳಗಾಗುವ ತನಕ ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.)

ಈ ಕಾಯಿಲೆಗೆ ಎರಡು ಹಂತ. ಮೊದಲನೆಯದರಲ್ಲಿ ನೋವಿರುತ್ತದೆ, ಬಾಗು ಬದಲಾಗುತ್ತಾ ಇರುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದ ತನಕ ಹೀಗೇ. ಆಮೇಲೆ ನೋವು ಹೋಗುತ್ತದೆ, ಬಾಗು ಒಂದು ಕಡೆ ನಿಲ್ಲುತ್ತದೆ. ತಾನಾಗಿಯೇ ನೇರ ಆಗುತ್ತಾ ಅಂತ ನಾನು ಕೇಳಿದೆ. ಚಿಕಿತ್ಸೆ ತೆಗೆದುಕೊಳ್ಳದವರನ್ನು ಗಮನಿಸಿದ ಒಂದು ಅಧ್ಯಯನ 2006ರಲ್ಲಿ ಬಂದಿತ್ತಂತೆ. ಬಾಗು ಕಡಿಮೆಯಾಗಿದ್ದು ನೂರಕ್ಕೆ 12 ಜನರಲ್ಲಿ. 40 ಜನರಲ್ಲಿ ಹಾಗೇ ಉಳಿಯಿತು. 48 ಜನರಲ್ಲಿ ಜಾಸ್ತಿಯಾಯಿತು. ನಾನು ಹಾಲ್‌ನಲ್ಲಿ ಮಲಗಿ ಕಳೆದ ಒಂದು ವರ್ಷ ನೆನಪಾಯಿತು.

ಚಿಕಿತ್ಸೆ ಬಗ್ಗೆ ಡಾಕ್ಟರು ಸುಳ್ಳು ಆಸೆ ಹುಟ್ಟಿಸಲಿಲ್ಲ. ಅದಕ್ಕೆ ನಾನು ಋಣಿ. ಮೆಡಿಕಲ್ ಶಾಪ್‌ನಲ್ಲಿ ಎಷ್ಟೋ ಜನ ವಿಟಮಿನ್ ಇ ಕ್ಯಾಪ್ಸೂಲ್ ತಗೊಂಡು ತಿಂತಾರೆ, ನಾನೂ ತಿಂದಿದ್ದೆ. ಅದರಿಂದ ಬಾಗು ಹೋಗುವುದಿಲ್ಲ. ಅಮೆರಿಕದ ಯುರಾಲಜಿ ಸಂಘ 2015ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಕೊಡಬೇಡಿ ಅಂತಲೇ ಹೇಳಿದೆ. ಹೊರಗಿನಿಂದ ಶಬ್ದದ ಅಲೆ ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಅಂತ ದುಬಾರಿ ಪ್ಯಾಕೇಜ್ ಮಾರುವವರಿದ್ದಾರೆ. ಅದು ನೋವಿಗೆ ಸ್ವಲ್ಪ ಸಹಾಯ ಮಾಡಬಹುದು, ಬಾಗಿಗೆ ಅಲ್ಲ. ಗಂಟಿನೊಳಗೇ ಕೊಡುವ ಇಂಜೆಕ್ಷನ್‌ಗಳಿವೆ. ಕಲೆಯನ್ನು ಕರಗಿಸುವ ಕೊಲಾಜಿನೇಸ್ ಅನ್ನುವ ಔಷಧಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಪ್ರಯೋಗಗಳಲ್ಲಿ ಅದನ್ನು ಪಡೆದವರಲ್ಲಿ ಬಾಗು ಸರಾಸರಿ ನೂರಕ್ಕೆ 34ರಷ್ಟು ಇಳಿದಿತ್ತು. ಬರೀ ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ 18ರಷ್ಟು. ಅಂದರೆ ಉಪಯೋಗ ಇದೆ, ಪವಾಡ ಇಲ್ಲ.

ನನಗೆ ಅವರು ಹೇಳಿದ್ದು ಟ್ರ್ಯಾಕ್ಷನ್ ಸಾಧನ. ದಿನಾ ಹಾಕಿಕೊಂಡು ಮೆಲ್ಲಗೆ, ಅಳತೆಯಲ್ಲಿ ಎಳೆಯುವುದು. ಆ ಎಣ್ಣೆಯವನು ಹೇಳಿದ ಹಾಗೆ ಒತ್ತಿ ಬಗ್ಗಿಸುವುದಲ್ಲ. ಜೊತೆಗೆ ಶುಗರ್ ಹತೋಟಿಗೆ ತರಬೇಕು ಅಂದರು. ಮನೆಯಲ್ಲಿ ನಿಮಿರಿದಾಗ ಪಕ್ಕದಿಂದ, ಮೇಲಿನಿಂದ ಫೋಟೋ ತೆಗೆದು ತನ್ನಿ ಅಂದರು. ನಾನು ಗಣಿತದ ಮೇಷ್ಟ್ರು. ಫೋಟೋ ಪ್ರಿಂಟ್ ಮೇಲೆ ಕೋನಮಾಪಕ ಇಟ್ಟು ನಾನೇ ಅಳೆದೆ. 45 ಡಿಗ್ರಿ. ಒಂದು ವರ್ಷ ರಾಕ್ಷಸನ ಹಾಗೆ ಕಂಡಿದ್ದು ಅವತ್ತು ಒಂದು ಸಂಖ್ಯೆಯಾಯಿತು. ಆ ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಅತ್ತಳು. "ಇಷ್ಟೇನಾ? ಇದನ್ನ ನನಗೆ ಹೇಳೋಕೆ ಆಗ್ಲಿಲ್ವಾ ನಿಮಗೆ?" ಅಂದಳು.

ಇಲ್ಲಿ ನನಗೊಂದು ತಕರಾರಿದೆ. ಒಂಬತ್ತು ವರ್ಷ ಮೂರು ತಿಂಗಳಿಗೊಮ್ಮೆ ಶುಗರ್ ಚೆಕಪ್‌ಗೆ ಹೋಗಿದ್ದೇನೆ. ಕಣ್ಣು ನೋಡಿದರು, ಕಿಡ್ನಿ ನೋಡಿದರು, ಪಾದಕ್ಕೆ ಚುಚ್ಚಿ ನೋಡಿದರು. ಒಂದು ಸಲವೂ "ದಾಂಪತ್ಯ ಜೀವನ ಸರಿ ಇದೆಯಾ? ನಿಮಿರುವಾಗ ತೊಂದರೆ ಇದೆಯಾ?" ಅಂತ ಯಾರೂ ಕೇಳಲಿಲ್ಲ. ಅರ್ಧ ನಿಮಿಷದ ಪ್ರಶ್ನೆ ಅಲ್ವಾ? ಗಂಡಸು ತಾನಾಗಿ ಬಾಯಿ ಬಿಡುವುದಿಲ್ಲ ಅಂತ ಡಾಕ್ಟರಿಗೂ ಗೊತ್ತಿರುತ್ತದೆ. ಈ ಕಾಯಿಲೆ ಇರುವ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಖಿನ್ನತೆ ಇರುವುದು ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ನನ್ನನ್ನು ಯಾರಾದರೂ ಕೇಳಿದ್ದರೆ ಆ ಪೋಸ್ಟರ್ ಹತ್ತಿರ ನಾನು ಹೋಗುತ್ತಿರಲಿಲ್ಲ. ಶುಗರ್ ನೋಡುವ ಡಾಕ್ಟರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನೀವೇ ಮೊದಲು ಕೇಳಿ, ದಯವಿಟ್ಟು.

ಈಗ ನನ್ನ ಬಾಗು 30 ಡಿಗ್ರಿಯ ಹತ್ತಿರ ನಿಂತಿದೆ. ನೋವಿಲ್ಲ. ಆಪರೇಷನ್ ಬಗ್ಗೆಯೂ ಮಾತಾಡಿದೆವು. ಬಾಗು ನಿಂತು ಕೆಲವು ತಿಂಗಳಾದ ಮೇಲಷ್ಟೇ ಅದನ್ನು ಮಾಡುತ್ತಾರೆ. ಉದ್ದ ಇರುವ ಕಡೆ ಹೊಲಿಗೆ ಹಾಕಿ ಸಮ ಮಾಡುವುದು ಒಂದು ವಿಧಾನ, ಇದರಲ್ಲಿ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಬಾಗು ತುಂಬಾ ಜಾಸ್ತಿ ಇದ್ದರೆ ಕಲೆ ಕೊಯ್ದು ತೇಪೆ ಹಾಕುತ್ತಾರೆ, ಅದರಲ್ಲಿ ನಿಮಿರುವ ಶಕ್ತಿ ಕುಂದುವ ಅಪಾಯ ಜಾಸ್ತಿ. ಮಾತ್ರೆಗೂ ನಿಮಿರದವರಿಗೆ ಒಳಗೆ ಇಂಪ್ಲಾಂಟ್, ಅಂದರೆ ಗಟ್ಟಿಯಾಗಿ ನಿಲ್ಲಿಸುವ ಕೃತಕ ಸಾಧನ, ಇಡುವ ದಾರಿಯೂ ಇದೆ. ಸಂಭೋಗಕ್ಕೆ ಅಡ್ಡಿ ಇಲ್ಲ ಅಂದಮೇಲೆ ಆಪರೇಷನ್ ಯಾಕೆ ಅಂತ ನಾವಿಬ್ಬರೂ ಕೂತು ತೀರ್ಮಾನ ಮಾಡಿದೆವು. ಡಾಕ್ಟರೂ ಸರಿ ಅಂದರು.

ನನ್ನ ಅಣ್ಣನಿಗೆ 60 ದಾಟಿದೆ. ಅವನಿಗೂ ಶುಗರ್. ಹೋದ ಸಲ ಊರಿಗೆ ಹೋದಾಗ ಊಟಕ್ಕೆ ಕೂತಿದ್ದಾಗ ನೋಡಿದೆ, ಅವನ ಅಂಗೈಯಲ್ಲೂ ಅದೇ ಹುರಿ ಇದೆ, ಕಿರುಬೆರಳು ಸ್ವಲ್ಪ ಮಡಚಿಕೊಂಡಿದೆ. ಅವತ್ತು ಕೇಳಲು ನಾಲಿಗೆ ಏಳಲಿಲ್ಲ. ಈ ಭಾನುವಾರ ಹೋಗುತ್ತಿದ್ದೇನೆ. ಅವನ ಜೊತೆ ತೋಟಕ್ಕೆ ಹೋಗಿ, ಮೊದಲು ನನ್ನದನ್ನು ಹೇಳಿ, ಆಮೇಲೆ ಅವನನ್ನು ಕೇಳುತ್ತೇನೆ.