ಮದುವೆಗೆ 501 ಹಾಕುವ ಮುಂಚೆ

ಹಾಂಗ್‌ಕಾಂಗ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಫೀಸಿನ ಗೆಳೆಯನ ಮದುವೆಗೆ ಹೋಗುವಾಗ ನಮ್ಮೂರ ಅಭ್ಯಾಸದಂತೆ ಕವರಿಗೆ 501 ಡಾಲರ್ ಹಾಕಬೇಡಿ. ಮೇಲಿನ ಆ ಒಂದು ನಮಗೆ ಶುಭ. ಅಲ್ಲಿ 101, 501 ಹೀಗೆ ಒಂದರಲ್ಲಿ ಮುಗಿಯುವ ಮೊತ್ತ ಸಾವಿನ ಮನೆಯದು, ಅದನ್ನು ಕೊಡುವುದು ಬಿಳಿ ಕವರಿನಲ್ಲಿ. ಅದಕ್ಕೆ ಪ್ರತಿಯಾಗಿ ಸಾವಿನ ಮನೆಯವರು ಒಂದು ಪುಟ್ಟ ಪೊಟ್ಟಣ ಕೈಗಿಡುತ್ತಾರೆ. ಒಂದು ಮಿಠಾಯಿ, ಒಂದು ನಾಣ್ಯ, ಒಂದು ಟಿಶ್ಯೂ ಅದರಲ್ಲಿರುತ್ತವೆ. ಮಿಠಾಯಿ ತಿಂದು, ನಾಣ್ಯ ಖರ್ಚು ಮಾಡಿಯೇ ಮನೆ ಸೇರಬೇಕು.

ಮದುವೆಗೆ ಕೆಂಪು ಕವರು. ಮ್ಯಾಂಡರಿನ್‌ನಲ್ಲಿ ಹೋಂಗ್‌ಬಾವ್, ಕ್ಯಾಂಟನೀಸ್‌ನಲ್ಲಿ ಲೈ ಸೀ. ಒಳಗಿರುವ ಮೊತ್ತ ಸಮಸಂಖ್ಯೆಯದಾಗಿರಬೇಕು. 600, 800, 1,000 ಎಲ್ಲ ಸರಿ. 400 ಆಗದು, ನಾಲ್ಕು ಎಂಬ ಪದ ಸಾವು ಎಂಬ ಪದದ ಹಾಗೇ ಕೇಳಿಸುತ್ತದೆ. 250 ಅಂತೂ ಬೈಗುಳ, 'ಪೆದ್ದ' ಎಂದ ಹಾಗೆ. ನೋಟು ಹೊಸದಿರಬೇಕು, ಇದೇ ಕವರು ಕೊಡುವ ಚೀನೀ ಹೊಸ ವರ್ಷದ ಮುಂಚೆ ಬ್ಯಾಂಕುಗಳ ಮುಂದೆ ಸಾಲು ನಿಲ್ಲುವುದು ಇದಕ್ಕೇ. ಕೊಡುವವರೂ ತೆಗೆದುಕೊಳ್ಳುವವರೂ ಎರಡು ಕೈ ಬಳಸಬೇಕು. ಕೊಟ್ಟವರ ಎದುರಿಗೇ ಕವರು ಬಿಚ್ಚಬಾರದು. ಹಾಂಗ್‌ಕಾಂಗ್‌ನಲ್ಲಾದರೆ ಊಟ ಯಾವ ಹೋಟೆಲಿನಲ್ಲಿ ಎಂದು ನೋಡಿ ಮೊತ್ತ ನಿರ್ಧರಿಸುತ್ತಾರೆ. ದೊಡ್ಡ ಹೋಟೆಲಾದರೆ ಹೆಚ್ಚು, ಊಟಕ್ಕೆ ಹೋಗದೆ ಬರೀ ಕವರು ಕಳಿಸುವುದಾದರೆ ಕಡಿಮೆ.

ಇದನ್ನೆಲ್ಲ ಮೂಢನಂಬಿಕೆ ಎಂದು ನಕ್ಕು ಬಿಟ್ಟರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಚೀನಾದ ಅನೇಕ ಊರುಗಳಲ್ಲಿ ಮದುವೆ ಮನೆಯ ಬಾಗಿಲಲ್ಲಿ ಒಂದು ಮೇಜು, ಅದರ ಹಿಂದೆ ಮನೆಯವರಿಗೆ ಬೇಕಾದ ಇಬ್ಬರು. ಒಬ್ಬರು ಹಣ ಎಣಿಸುತ್ತಾರೆ, ಇನ್ನೊಬ್ಬರು ಕೆಂಪು ರಟ್ಟಿನ ಪುಸ್ತಕದಲ್ಲಿ ಹೆಸರು, ಮೊತ್ತ ಬರೆಯುತ್ತಾರೆ. ಆ ಪುಸ್ತಕವನ್ನು ಮನೆಯಲ್ಲಿ ಜೋಪಾನವಾಗಿ ಇಡುತ್ತಾರೆ. ಐದು ವರ್ಷದ ನಂತರ ಹಣ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಅದನ್ನು ತೆಗೆದು ನೋಡುತ್ತಾರೆ. ಆಗ 600 ಬಂದಿದ್ದರೆ ಈಗ 800 ಕೊಡಬೇಕು. ಅದೇ 600 ಕೊಟ್ಟರೆ 'ಲೆಕ್ಕ ಚುಕ್ತಾ, ಇನ್ನು ನಿಮಗೂ ನಮಗೂ ಏನಿಲ್ಲ' ಎಂಬ ಅರ್ಥ ಬಂದೀತು. 2,000 ಕೊಟ್ಟರೆ ಅವರ ತಲೆಯ ಮೇಲೆ ಹೊರೆ. ಸ್ವಲ್ಪ ಹೆಚ್ಚು, ತೀರಾ ಹೆಚ್ಚಲ್ಲ, ಬಂದಷ್ಟೇ ಅಂತೂ ಅಲ್ಲ.

ಹಳೇ ಮೈಸೂರಿನ ಕಡೆಯವರು ಈ ಲೆಕ್ಕ ಕೇಳಿದಾಗ 'ಇದು ನಮ್ಮ ಮುಯ್ಯಿ ಅಲ್ಲವಾ' ಎನ್ನುತ್ತಾರೆ. ಹೌದು, ಅದೇ. ನೋಟ್‌ಬುಕ್ಕು ಕೂಡ ಅದೇ. ಇಂಗ್ಲಿಷಿನವರು ಫೇವರ್ ಎಂದೋ ಗಿಫ್ಟ್ ಎಂದೋ ಅನುವಾದಿಸಿ ಒದ್ದಾಡುವ ರೆನ್‌ಛಿಂಗ್ ಎಂಬ ಚೀನೀ ಪದಕ್ಕೆ ಕನ್ನಡದಲ್ಲಿ ತಯಾರಾಗಿ ಕೂತಿರುವ ಪದ ಮುಯ್ಯಿ. (ಹಾಂಗ್‌ಕಾಂಗ್‌ನಲ್ಲಿ ಮದುವೆಗೆ ಹಣ ಕೊಡುವುದಕ್ಕೆ 'ರೆನ್‌ಛಿಂಗ್ ಮಾಡುವುದು' ಎಂದೇ ಹೇಳುತ್ತಾರೆ, ಅವರ ಉಚ್ಚಾರಣೆ ಬೇರೆ ಅಷ್ಟೆ.) ಇನ್ನೊಂದು ಹೋಲಿಕೆ ಇದಕ್ಕಿಂತ ಚೆಂದ. ಮುಯ್ಯಿ ಎಂದರೆ ನಮ್ಮಲ್ಲಿ ಉಡುಗೊರೆಯೂ ಹೌದು, ಸೇಡೂ ಹೌದು. ಚೀನೀ ಭಾಷೆಯ 'ಬಾವ್' ಎಂಬ ಪದವೂ ಹಾಗೇ (ಹೋಂಗ್‌ಬಾವ್‌ನಲ್ಲಿರುವ ಬಾವ್ ಬೇರೆ). ಉಪಕಾರ ತೀರಿಸುವುದಕ್ಕೂ ಅದೇ, ಹಗೆ ತೀರಿಸುವುದಕ್ಕೂ ಅದೇ. ಬಂದದ್ದನ್ನು ಹಿಂದಿರುಗಿಸಲೇಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ.

ಈಗ ಅಮೆರಿಕದ ಮದುವೆಯ ಕಡೆ ನೋಡಿ. ಜೋಡಿ ಅಂಗಡಿಯಲ್ಲಿ ಪಟ್ಟಿ ಮಾಡಿಟ್ಟಿರುತ್ತದೆ. ಮಿಕ್ಸರ್ ಒಂದು, ಟವೆಲ್ ಆರು. ನಿಮ್ಮ ಶಕ್ತಿಗೆ ತಕ್ಕದ್ದನ್ನು ಆರಿಸಿ ದುಡ್ಡು ಕಟ್ಟುತ್ತೀರಿ, ಅದು ಅವರ ಮನೆಗೆ ಹೋಗುತ್ತದೆ. ಕೆಲವು ವಾರಗಳಲ್ಲಿ ನಿಮಗೆ ಧನ್ಯವಾದದ ಕಾರ್ಡ್ ಬರುತ್ತದೆ. ಆ ಕಾರ್ಡು ರಸೀದಿ ಇದ್ದ ಹಾಗೆ, ವ್ಯವಹಾರ ಅಲ್ಲಿಗೆ ಮುಗಿಯಿತು. ನೀವು ಕೊಟ್ಟ ಮಿಕ್ಸರಿನ ಬೆಲೆ ಬರೆದಿಟ್ಟುಕೊಂಡು, ನಿಮ್ಮ ಮಗಳ ಮದುವೆಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನದು ತರಬೇಕೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಚೀನಾದಲ್ಲಿ ಹತ್ತಿರದವರಿಗೆ ಪದೇಪದೇ ಥ್ಯಾಂಕ್ಸ್ ಹೇಳಿದರೆ 'ನನ್ನನ್ನು ಹೊರಗಿನವನ ಹಾಗೆ ನೋಡ್ತೀಯಾ' ಎಂದು ಬೇಸರಪಡುತ್ತಾರೆ. ಸಾಲ ಉಳಿಸಿಕೊಳ್ಳುವುದೇ ಅಲ್ಲಿ ನಂಟು ಉಳಿಸಿಕೊಳ್ಳುವ ದಾರಿ.

ಇದನ್ನು ನೋಡಿ ನಮ್ಮ ಅನೇಕ ಲೇಖಕರು 'ಪಶ್ಚಿಮದಲ್ಲಿ ವ್ಯಕ್ತಿ, ಚೀನಾದಲ್ಲಿ ಸಮೂಹ' ಎಂದು ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ತಲೆಕೆಳಗಾದ ಮಾತು ಎನಿಸುತ್ತದೆ. ಚೀನಾದ ಸಮಾಜಶಾಸ್ತ್ರಜ್ಞ ಫೇ ಶಿಯಾವೊತೋಂಗ್ 1940ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಅವರು ಲಂಡನ್ನಿನಲ್ಲಿ ಓದಿದವರು, ಜಿಯಾಂಗ್ಸು ಪ್ರಾಂತ್ಯದ ಹಳ್ಳಿಯಲ್ಲಿ ಕೂತು ಅಧ್ಯಯನ ಮಾಡಿದವರು. ಅವರ ಪ್ರಕಾರ ಪಶ್ಚಿಮದ ಸಮಾಜ ಭತ್ತದ ಹುಲ್ಲು ಕಟ್ಟಿದ ಹಾಗೆ: ಕಡ್ಡಿ ಸೇರಿ ಸಿವುಡು, ಸಿವುಡು ಸೇರಿ ಹೊರೆ. ಯಾವ ಕಡ್ಡಿ ಯಾವ ಸಿವುಡಿನದು ಎಂಬುದು ಸ್ಪಷ್ಟ, ಒಂದು ಸಿವುಡಿನೊಳಗೆ ಎಲ್ಲ ಕಡ್ಡಿಗೂ ಒಂದೇ ನಿಯಮ. ಚೀನಾದ ಸಮಾಜ ನೀರಿಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ. ನಡುವೆ ನಾನು, ಸುತ್ತ ಮನೆಯವರು, ಆಮೇಲೆ ನೆಂಟರು, ಊರವರು, ಜೊತೆಯಲ್ಲಿ ಓದಿದವರು. ದೂರ ಹೋದಂತೆ ಅಲೆ ತೆಳುವಾಗುತ್ತದೆ. ಪ್ರತಿಯೊಬ್ಬರಿಗೂ ಅವರದೇ ಅಲೆ, ನಿಮ್ಮದರಂತೆ ಇನ್ನೊಬ್ಬರದಿಲ್ಲ. ಇದರಲ್ಲಿ ಸಮೂಹ ಎಲ್ಲಿದೆ? ಅಲೆ ಮುಟ್ಟದ ಅಪರಿಚಿತನಿಗೆ ಇಲ್ಲಿ ಯಾವ ಹಕ್ಕೂ ಇಲ್ಲ, ಇದರ ಕೆಟ್ಟ ಮುಖವೂ ಅದೇ.

ಎರಡು ಲೆಕ್ಕಗಳು ಡಿಕ್ಕಿ ಹೊಡೆದಾಗ ಏನಾಗುತ್ತದೆ ಎಂಬುದಕ್ಕೆ ಜೆಪಿ ಮಾರ್ಗನ್ ಪ್ರಕರಣ ನೋಡಬಹುದು. ಏಷ್ಯಾದಲ್ಲಿ ವ್ಯವಹಾರ ಹಿಡಿಯಲು ಅಮೆರಿಕದ ಈ ಬ್ಯಾಂಕು ಚೀನಾದ ಅಧಿಕಾರಿಗಳ ಮಕ್ಕಳು, ನೆಂಟರು, ಪರಿಚಯದವರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. 2016ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರಕ್ಕೆ ಸುಮಾರು 26.4 ಕೋಟಿ ಡಾಲರ್ ಕಟ್ಟಿ ಅದನ್ನು ಇತ್ಯರ್ಥ ಮಾಡಿಕೊಂಡಿತು. 'ಅದು ಅವರ ಸಂಸ್ಕೃತಿ, ಅಮೆರಿಕದವರಿಗೆ ಅರ್ಥವಾಗಲಿಲ್ಲ' ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆಯ ಕೆಂಪು ಕವರಿಗೆ ಹಣ ಹೋಗುವುದು ಕೊಡುವವರ ಸ್ವಂತ ಜೇಬಿನಿಂದ. ಇಲ್ಲಿ ಒಂದು ಕಡೆ ಬ್ಯಾಂಕಿನ ಹುದ್ದೆ, ಇನ್ನೊಂದು ಕಡೆ ಸರ್ಕಾರಿ ಅಧಿಕಾರ, ಎರಡೂ ಕೊಟ್ಟವರ ಸ್ವಂತದ್ದಲ್ಲ. ಚೀನಾದ ಆಡಳಿತಕ್ಕೂ ಈ ವ್ಯತ್ಯಾಸ ಗೊತ್ತು. 2012ರ ಡಿಸೆಂಬರಿನಲ್ಲಿ ಬಂದ ಎಂಟು ಅಂಶಗಳ ನಿಯಮಾವಳಿಯ ನಂತರ ಸರ್ಕಾರಿ ಖರ್ಚಿನ ಔತಣ, ದುಬಾರಿ ಉಡುಗೊರೆಗಳ ಮೇಲೆ ಕಡಿವಾಣ ಬಿತ್ತು.

ಹೊಸ ತಲೆಮಾರಿನ ಗೆಳೆಯರು ಹೋಟೆಲಿನಲ್ಲಿ ಬಿಲ್ಲನ್ನು ಹಂಚಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿನ ಹೆಸರು 'ಎಎ'. ಆದರೆ ಹಿರಿಯರ ಮೇಜಿನಲ್ಲಿ ಈಗಲೂ ಬಿಲ್ಲಿಗಾಗಿ ಜಗ್ಗಾಟ. ಜಾಣರಾದವರು ಕೈ ತೊಳೆದು ಬರುತ್ತೇನೆಂದು ಎದ್ದು ಹೋಗಿ ಕೌಂಟರಿನಲ್ಲಿ ಕಟ್ಟಿಬಿಡುತ್ತಾರೆ. ಈ ಜಗ್ಗಾಟ ನೋಡಲು ನಮಗೆ ಅಪರಿಚಿತವಲ್ಲ.

ನಮ್ಮ ಲಗ್ನಪತ್ರಿಕೆಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿರುತ್ತದಲ್ಲ, ಗುವಾಂಗ್‌ಡೋಂಗ್ ಪ್ರಾಂತ್ಯದ ಹಲವು ಕಡೆ ಅದನ್ನು ಕೈಯಲ್ಲೇ ಮಾಡಿ ತೋರಿಸುತ್ತಾರೆ. ಅತಿಥಿ ಕೊಟ್ಟ ಕೆಂಪು ಕವರಿನ ಒಂದು ಮೂಲೆ ಮಡಚಿ ಹಾಗೇ ವಾಪಸ್ ಕೊಡುತ್ತಾರೆ. ನಿಮ್ಮ ಪ್ರೀತಿ ತೆಗೆದುಕೊಂಡೆವು, ಹಣ ಬೇಡ ಎಂದು ಅರ್ಥ. ಮೂಲೆ ಮಡಚಿದ್ದು ಕಂಡರೆ ಮತ್ತೆ ತುರುಕಲು ಹೋಗಬೇಡಿ, ಇಟ್ಟುಕೊಳ್ಳಿ.

2014ರ ಜನವರಿಯಲ್ಲಿ ಚೀನಾದ ಮೆಸೇಜಿಂಗ್ ಆ್ಯಪ್ ವಿಚ್ಯಾಟ್ ಈ ಕವರನ್ನೇ ಫೋನಿಗೆ ತಂದಿತು. ಒಂದು ಕವರಿಗೆ ಮಿತಿ 200 ಯುವಾನ್. ಮದುವೆಗೆ 800 ಕಳಿಸಬೇಕೆಂದರೆ ನಾಲ್ಕು ಕವರು ಬೇಕು, ಅಲ್ಲೂ ಮತ್ತೆ ಆ ನಾಲ್ಕು! ಅದಕ್ಕೆ ದೊಡ್ಡ ಮೊತ್ತವಿದ್ದರೆ ನೇರ ವರ್ಗಾವಣೆ ಮಾಡಿ ಕೆಳಗೆ ಶುಭ ಹಾರೈಕೆ ಬರೆಯುವುದು ವಾಡಿಕೆ. ಬಂದ ಕವರು ಬೇಡವೆಂದರೆ ಮಡಚಲು ಇದರಲ್ಲಿ ಮೂಲೆಯಿಲ್ಲ, ಮುಟ್ಟದೆ ಬಿಟ್ಟರೆ ಸಾಕು. 24 ಗಂಟೆ ಕಳೆದ ಮೇಲೆ ಹಣ ಕೊಟ್ಟವರ ಖಾತೆಗೇ ಹಿಂದಿರುಗುತ್ತದೆ.