ಬೆಳಿಗ್ಗೆ ಆರರಿಂದ ಏಳು ನಾನು ಸಿಗುವುದಿಲ್ಲ

ಪುಣೆಯ ಹಳೇ ಪೇಟೆಗಳಲ್ಲಿ ಮನೆ ಬಾಗಿಲಿಗೆ ತೂಗುಹಾಕಿದ ಫಲಕ ನೋಡಿದರೆ ನಮ್ಮವರು ಹೌಹಾರುತ್ತಾರೆ. 'ಮಧ್ಯಾಹ್ನ ಒಂದರಿಂದ ನಾಲ್ಕು ಬೆಲ್ ಒತ್ತಬೇಡಿ.' ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದವರಿಗೆ ಇದು ಶುದ್ಧ ಸೊಕ್ಕು. ನಮ್ಮಲ್ಲಿ ಚಹಾ ಬೇಕಾ ಅಂತ ಯಾರೂ ಕೇಳುವುದಿಲ್ಲ, ಕಪ್ಪು ತಾನಾಗಿ ಕೈಗೆ ಬರುತ್ತದೆ. ಇಲ್ಲಿ 'ಚಹಾ ಘೇಣಾರ ಕಾ?' ಅಂತ ಕೇಳುತ್ತಾರೆ. ಸಂಕೋಚಕ್ಕೆ ಬೇಡ ಅಂದಿರೋ, ಅಷ್ಟೇ, ಚಹಾ ಇಲ್ಲ!

ಆದರೆ ಒಂದು ಬೆಳಿಗ್ಗೆ ಪರ್ವತಿ ಗುಡ್ಡಕ್ಕೆ ಹೋಗಿ ನೋಡಿ. 103 ಮೆಟ್ಟಿಲು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯರು ಹತ್ತುತ್ತಾರೆ, ಇಳಿಯುತ್ತಾರೆ, ಸೆರಗು ಸಿಕ್ಕಿಸಿಕೊಂಡು ಮತ್ತೆ ಹತ್ತುತ್ತಾರೆ. ಮನೆಗೆ ನೆಂಟರು ಬಂದಿದ್ದರೂ ಹತ್ತುತ್ತಾರೆ. ಗುಟ್ಟು ಇರುವುದೇ ಅಲ್ಲಿ. ನಮ್ಮ ಮನೆಗಳಲ್ಲಿ ನೆಂಟರು ಬಂದರೆ ಮೊದಲು ನಿಲ್ಲುವುದು ವಾಕಿಂಗ್. ಅವರು ಹೋಗುವಷ್ಟರಲ್ಲಿ ಮಳೆಗಾಲ, ಆಮೇಲೆ ಯಾರದೋ ಮದುವೆ. ಶೂ ಕಪಾಟಿನ ಮೇಲೆ.

ಇದಕ್ಕೆ ಸೋಮಾರಿತನ ಅಂತ ಬೈಯುವವರೇ ಜಾಸ್ತಿ. ನನಗೆ ಹಾಗನಿಸುವುದಿಲ್ಲ. ನಾವು ಸೋಮಾರಿಗಳಲ್ಲ, ದಾಕ್ಷಿಣ್ಯದವರು. ಯಾರಾದರೂ ಕರೆದರೆ 'ನೋಡೋಣ' ಅನ್ನುತ್ತೇವೆ, ಮನಸ್ಸಿಲ್ಲದೆ ಹೋಗುತ್ತೇವೆ, ಬಂದು ಗೊಣಗುತ್ತೇವೆ. ಆಗಲ್ಲ ಅನ್ನಬೇಕಾದರೆ ನಮಗೆ ಏನು ಬೇಕು ಅಂತ ಮೊದಲು ಗೊತ್ತಿರಬೇಕು, ಅಲ್ವಾ? ಪುಣೆಯವರಿಗೆ ಅದು ಗೊತ್ತಿರುತ್ತದೆ. ಒಬ್ಬರಿಗೆ ಭಾನುವಾರ ಅಂದರೆ ಸಿಂಹಗಡದ ಕೋಟೆ ಹತ್ತುವುದು. ಇನ್ನೊಬ್ಬರಿಗೆ ಭಜನಿ ಮಂಡಳ. ಆ ಹೊತ್ತಿಗೆ ಬೇರೆ ಯಾರಿಗೂ ಹಕ್ಕಿಲ್ಲ.

ಸವಾಯಿ ಗಂಧರ್ವ ಸಂಗೀತ ಉತ್ಸವವನ್ನೇ ನೋಡಿ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರು ಕುಂದಗೋಳದವರು. ಅವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಉತ್ಸವ ಶುರು ಮಾಡಿದ ಭೀಮಸೇನ ಜೋಶಿ ಗದಗ ಕಡೆಯವರು. ಗುರುವೂ ನಮ್ಮವರು, ಶಿಷ್ಯರೂ ನಮ್ಮವರು. ಆದರೆ ಡಿಸೆಂಬರ್ ಬಂತೆಂದರೆ ಆಫೀಸಿಗೆ ರಜೆ ಹಾಕಿ, ಮದುವೆ ಕರೆಯೋಲೆಗೂ ಆಗಲ್ಲ ಅಂದು, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಲ್ಲಿ ಪುಣೆಯವರೇ ಹೆಚ್ಚು. ನಮ್ಮವರು 'ಟೈಮ್ ಆದರೆ ಬರ್ತೀವಿ' ಅನ್ನುತ್ತಾರೆ. ಟೈಮ್ ಆಗುವುದಿಲ್ಲ.

ಹಾಗಂತ ಪೂರ್ತಿ ಪುಣೆಯವನಾಗುವ ಆಸೆ ನನಗಿಲ್ಲ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಫೋನ್ ಮಾಡದೆ ನಾನು ಬಾಗಿಲು ಬಡಿಯುವುದು ಇವತ್ತಿಗೂ ಕನ್ನಡದವರ ಮನೆಯದ್ದೇ. ಆ ಸಲುಗೆಯನ್ನು ಯಾವ ಫಲಕಕ್ಕೂ ಬಿಟ್ಟುಕೊಡಲಾರೆ. ನನಗೆ ಬೇಕಿರುವುದು ದಿನಕ್ಕೆ ಒಂದೇ ಒಂದು ತಾಸು.

ಅದಕ್ಕೇ ಊರಿಂದ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಆರರಿಂದ ಏಳು ಗುಡ್ಡದ ಮೇಲಿರುತ್ತೇನೆ, ಮನಸ್ಸಿದ್ದರೆ ಶೂ ತನ್ನಿ. ಕೆಲವರು ಮುಖ ಗಂಟಿಕ್ಕುತ್ತಾರೆ. ನಮ್ಮ ಸೋದರಮಾವ ಮಾತ್ರ ಹೋದ ಸಲ ಶೂ ಹಾಕಿಕೊಂಡೇ ಬಸ್ ಇಳಿದರು.