ಹಳೆಯ ಸಣ್ಣ ಕಾರಿಗೆ ಸಿಂಥೆಟಿಕ್ ಆಯಿಲ್ ಬೇಕೆ?

ಪರ: ಎಂಜಿನ್ ಓಡಿದ ಗಂಟೆಗಳನ್ನು ಎಣಿಸಿ

ನನ್ನ ಕಾರಿಗೆ ಹನ್ನೆರಡು ವರ್ಷ. ಬನಶಂಕರಿಯಿಂದ ಮಾರತಹಳ್ಳಿಗೆ ಹೋಗಿಬರುವುದೇ ಅದರ ದಿನಚರಿ. ಸಿಲ್ಕ್ ಬೋರ್ಡ್ ಹತ್ತಿರ ನಿಂತಾಗ ಕಿಲೋಮೀಟರ್ ಅಂಕಿ ಕದಲುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ, ರೇಡಿಯೇಟರ್ ಫ್ಯಾನ್ ಮತ್ತೆ ಮತ್ತೆ ತಿರುಗತೊಡಗುತ್ತದೆ. ಗಂಟೆಗೆ ಸರಾಸರಿ 20 ಕಿಲೋಮೀಟರ್ ಎಂದುಕೊಂಡರೂ 10,000 ಕಿಲೋಮೀಟರ್ ಮುಗಿಯುವಷ್ಟರಲ್ಲಿ ಎಂಜಿನ್ 500 ಗಂಟೆ ಓಡಿರುತ್ತದೆ. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವವರಿಗೆ ಅದೇ ದೂರಕ್ಕೆ 170 ಗಂಟೆ ಸಾಕು. ಸರ್ವೀಸ್ ಪುಸ್ತಕದಲ್ಲಿ ಇಬ್ಬರಿಗೂ ಬರೆಯುವುದು ಅದೇ 10,000. ಆಯಿಲ್ ಬೆಂದ ಹೊತ್ತು ಮಾತ್ರ ನನ್ನ ಕಾರಿನಲ್ಲಿ ಮೂರು ಪಟ್ಟು.

ಮಿನರಲ್ ಆಯಿಲ್ ಕಚ್ಚಾತೈಲವನ್ನು ಸಂಸ್ಕರಿಸಿ ತೆಗೆದದ್ದು. ಅದರ ಅಣುಗಳು ಒಂದೇ ಅಳತೆಯವಲ್ಲ. ಹಗುರವಾದವು ಬಿಸಿಗೆ ಹಾರಿಹೋಗುತ್ತವೆ, ಉಳಿದದ್ದು ಆಮ್ಲಜನಕದೊಂದಿಗೆ ಸೇರಿ ಮಂದವಾಗುತ್ತದೆ. ಸಿಂಥೆಟಿಕ್ ಆಯಿಲ್‌ನ ಅಣುಗಳನ್ನು ರಾಸಾಯನಿಕವಾಗಿ ತಿದ್ದಿ ಅಥವಾ ಹೊಸದಾಗಿ ಕಟ್ಟಿ ಹೆಚ್ಚುಕಡಿಮೆ ಒಂದೇ ಸಮ ಮಾಡಿರುತ್ತಾರೆ. ಹಾಗಾಗಿ ಬಿಸಿಯಲ್ಲೂ ಅದರ ಪಸೆ ಬೇಗ ಕೆಡುವುದಿಲ್ಲ.

ಪಕ್ಕದ ಮನೆಯವರ ಕಾರಿನ ಹೆಡ್ ಕವರ್ ಬಿಚ್ಚಿದ್ದನ್ನು ನಿಂತು ನೋಡಿದ್ದೇನೆ. ಒಳಗೆಲ್ಲ ಕಪ್ಪು ಕೆಸರು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ತಳ ಹಿಡಿದ ಪಾಯಸದ ಹಾಗೆ ಹೆಕ್ಕಳಿಕೆಯಾಗಿ ಏಳುತ್ತಿತ್ತು. ಆ ಕೆಸರು ಆಯಿಲ್ ಚೇಂಬರಿನ ತಳದ ಜಾಲರಿಗೆ ಕಟ್ಟಿಕೊಂಡರೆ ಪಂಪಿಗೆ ಆಯಿಲ್ ಸಿಗುವುದಿಲ್ಲ, ಬೇರಿಂಗುಗಳು ಒಣಗಿ ತಿರುಗುತ್ತವೆ. ಅಂದಿನಿಂದ ನಾನು ಹಾಕಿಸುವುದು ಸಿಂಥೆಟಿಕ್ ಮಾತ್ರ. ಮೂರು ಲೀಟರಿಗೆ ವರ್ಷಕ್ಕೊಮ್ಮೆ ಸಾವಿರ, ಸಾವಿರದೈನೂರು ರೂಪಾಯಿ ಹೆಚ್ಚು ಹೋಗುತ್ತದೆ. ಎಂಜಿನ್ ಬಿಚ್ಚಿ ಕೂರಿಸುವ ಖರ್ಚನ್ನು ಒಮ್ಮೆ ವಿಚಾರಿಸಿ ನೋಡಿ.

ಹಳೆಯ ಕಾರಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎನ್ನುತ್ತಾರೆ. ಸೋರುವುದು ಒಣಗಿ ಬಿರಿದ ಆಯಿಲ್ ಸೀಲಿನಿಂದ. ಅಲ್ಲಿ ಕಟ್ಟಿದ್ದ ಕೊಳೆ ಕರಗಿದಾಗ ಬಿರುಕು ಬಯಲಾಗುತ್ತದೆ, ಅಷ್ಟೆ. ಸೀಲ್ ಬದಲಿಸಿ.

ವಿರೋಧ: ಹೊತ್ತಿಗೆ ಬದಲಿಸಿದ ಮಿನರಲ್ ಆಯಿಲ್ ಸಾಕು

ನಮ್ಮದು ತೀರ್ಥಹಳ್ಳಿ ಸೀಮೆ. ಕಾರು, ಅಪ್ಪ 2004ರಲ್ಲಿ ಕೊಂಡ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಎಂಜಿನ್ನೊಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಟರ್ಬೊ ಇರುವ ಎಂಜಿನ್‌ಗೆ, ಕೈಪಿಡಿಯಲ್ಲೇ 0ಡಬ್ಲ್ಯು-20 ಎಂಬ ತೆಳು ಆಯಿಲ್ ಎಂದು ಬರೆದಿರುವ ಕಾರಿಗೆ ಸಿಂಥೆಟಿಕ್ ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ಮಾತು ಇಂಥ ಸರಳ ಎಂಜಿನ್‌ನದು.

ಈ ಕಾರು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಪೇಟೆ ನಾಲ್ಕು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆ ಊರು ಬಂದುಬಿಡುತ್ತದೆ. ಆಷಾಢದ ಮಳೆಯಲ್ಲಿ ಆಯಿಲ್ ಮುಚ್ಚಳ ತಿರುಗಿಸಿ ತೆಗೆದರೆ ಒಳಬದಿಗೆ ಮಜ್ಜಿಗೆಯ ನೊರೆಯಂಥ ಬಿಳಿ ಪಸೆ ಅಂಟಿರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಒಳಗೇ ತಣಿದು ಆಯಿಲ್‌ಗೆ ಬೆರೆಯುತ್ತದೆ, ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಪಿಸ್ಟನ್ ಸುತ್ತಲಿನ ರಿಂಗುಗಳ ಸಂದಿಯಿಂದ ಇಳಿಯುತ್ತದೆ. ಎಷ್ಟು ದುಬಾರಿ ಆಯಿಲ್ ಹಾಕಿದರೂ ಆ ನೀರು, ಆ ಪೆಟ್ರೋಲ್ ಅದರೊಳಗೇ ಇರುತ್ತವೆ. ಡ್ರೈನ್ ನಟ್ ಬಿಚ್ಚಿ ಸುರಿದುಬಿಡುವುದೇ ದಾರಿ. ದುಬಾರಿ ಆಯಿಲ್ ಹಾಕಿದವರಿಗೆ ಅದನ್ನು ಬೇಗ ಸುರಿಯಲು ಕೈ ಬರುವುದಿಲ್ಲ. ಎರಡು ಸಾವಿರ ಕೊಟ್ಟಿದ್ದೇವೆ, ಇನ್ನೊಂದು ಆರು ತಿಂಗಳು ಓಡಲಿ ಎನ್ನುತ್ತಾರೆ. ನನಗೆ ಭಯವಿರುವುದು ಈ ಆರು ತಿಂಗಳ ಬಗ್ಗೆ.

ಸಿಂಥೆಟಿಕ್ ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ ಎಂಬ ಮಾತೂ ಬರುತ್ತದೆ. ಡಬ್ಬಿಯ ಮೇಲೆ ಡಬ್ಲ್ಯು ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯದು: 5ಡಬ್ಲ್ಯು ಆಯಿಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಆಗುವುದೇ ಎಂದು ಅಳೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯುಗೆ 15 ಡಿಗ್ರಿ ಕೆಳಗೆ. ಆಗುಂಬೆಯ ಡಿಸೆಂಬರ್ ಅದರ ಹತ್ತಿರವೂ ಸುಳಿಯದು. ತೆಳು ಆಯಿಲ್ ಬೆಳಗಿನ ಹೊತ್ತು ಬೇಗ ಮೇಲೇರುತ್ತದೆ ಎಂಬುದು ನಿಜ. ಆದರೆ ರಿಂಗ್ ಸವೆದ ನಮ್ಮ ಎಂಜಿನ್ ಅದನ್ನು ಅಷ್ಟೇ ಬೇಗ ಕುಡಿದು ಹೊಗೆ ಮಾಡುತ್ತದೆ.

ಇನ್ನು ಸಿಂಥೆಟಿಕ್ ಎಂಬ ಹೆಸರು. ಅಮೆರಿಕದಲ್ಲಿ ಈ ಪದಕ್ಕಾಗಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಎಂಬ ಆಯಿಲ್ ಕಂಪನಿಗಳ ನಡುವೆ ಜಗಳವೇ ನಡೆದಿತ್ತು. ಕಚ್ಚಾತೈಲದಿಂದಲೇ ತೆಗೆದು, ಹೈಡ್ರೋಜನ್ ಹಾಯಿಸಿ ತೀವ್ರವಾಗಿ ಸಂಸ್ಕರಿಸಿದ ಆಯಿಲನ್ನೂ ಹಾಗೆ ಕರೆಯಬಹುದೆಂದು ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ 1999ರಲ್ಲಿ ಹೇಳಿತು. ಅದು ಒಳ್ಳೆಯ ಆಯಿಲ್ಲೇ. ಆದರೂ ಡಬ್ಬಿಯ ಮೇಲಿನ ಒಂದು ಪದಕ್ಕೆ ದುಪ್ಪಟ್ಟು ದುಡ್ಡು ಕೊಡುವಾಗ ಈ ಸಂಗತಿ ಗೊತ್ತಿರಬೇಕು.

ಅಪ್ಪ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಪುಟ್ಟ ಡೈರಿ ಇಟ್ಟಿದ್ದರು. ಪ್ರತಿ ಮೇ ತಿಂಗಳಲ್ಲಿ ಒಂದು ಸಾಲು: ತಾರೀಖು, ಕಿಲೋಮೀಟರ್, ಆಯಿಲ್, ಫಿಲ್ಟರ್. ಈಗ ಆ ಸಾಲನ್ನು ನಾನು ಬರೆಯುತ್ತೇನೆ. 20ಡಬ್ಲ್ಯು-40 ಮಿನರಲ್ ಆಯಿಲ್, ಹೊಸ ಫಿಲ್ಟರ್, ಮಳೆ ಹಿಡಿಯುವ ಮುಂಚೆ. ಇಪ್ಪತ್ತು ವರ್ಷ ದಾಟಿದರೂ ಹೆಡ್ ಬಿಚ್ಚಿಲ್ಲ.